ಬಾಗಿಲ ಹೊರಗಿನ ಬೆಂಚು

ಎದುರು ಮನೆಯ ಸುಮಾಳಿಗೆ ಹಾಗಾಯಿತೆಂದು ಗೊತ್ತಾದ ದಿನ ಶಿವಗಂಗಾ ಅಡಿಗೆಮನೆಯಲ್ಲಿ ಕೂತು ಅತ್ತಳು. ಮರುದಿನ ಸುಮಾಳ ಅಜ್ಜಿ ರತ್ನಾಬಾಯಿ ಮೊಮ್ಮಗಳ ಕೈ ಹಿಡಿದುಕೊಂಡು, ಹಾಡುಹಗಲಲ್ಲಿ, ಓಣಿಯ ನಟ್ಟನಡುವೆ ನಡೆದು ಪೊಲೀಸ್ ಠಾಣೆಗೆ ಹೋದದ್ದನ್ನು ಕಿಟಕಿಯಿಂದ ನೋಡಿದಾಗ ಆ ಅಳು ನಿಂತಿತು. ಅದರ ಜಾಗದಲ್ಲಿ ಬೇರೆ ಏನೋ ಬಂದು ಕೂತಿತು. ಅದು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳಲು ಅವಳಿಗೆ ಮೂರು ತಿಂಗಳು ಹಿಡಿಯಿತು.

ಇಳಕಲ್ಲಿನ ಆ ಓಣಿಯಲ್ಲಿ ಹೆಚ್ಚಿನವು ನೇಕಾರರ ಮನೆಗಳು. ಶಿವಗಂಗಾ ಕೆರೂರಿನ ಲಿಂಗಾಯತರ ಮಗಳು. ಗಂಡ ನಾಗಲಿಂಗ ಬಸ್ ಸ್ಟ್ಯಾಂಡಿನ ಹತ್ತಿರ ಪಂಪಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಬಾಡಿಗೆ ಕಡಿಮೆ ಎಂದು ಇಲ್ಲಿ ಬಂದು ಇಳಿದವರು ಹತ್ತು ವರ್ಷದಲ್ಲಿ ಓಣಿಯವರೇ ಆಗಿಬಿಟ್ಟಿದ್ದರು. ಎದುರಿನ ಅಮರಪ್ಪನ ಮನೆಯಲ್ಲಿ ಎರಡು ಕೈಮಗ್ಗ. ಹೆಂಡತಿ ತೀರಿಕೊಂಡ ಮೇಲೆ ತಾಯಿ ರತ್ನಾಬಾಯಿಯೇ ಅವನ ಮಗಳನ್ನು ಬೆಳೆಸಿದವಳು. ಸುಮಾಳಿಗೆ ಇಪ್ಪತ್ತೆರಡು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವಳದು ಪಳಗಿದ ಕೈ. ಸೀರೆ ಒಯ್ಯಲು ಬರುತ್ತಿದ್ದ ಏಜೆಂಟನೊಬ್ಬ, ಅಪ್ಪನೂ ಅಜ್ಜಿಯೂ ಲಗ್ನಕ್ಕೆಂದು ಹುನಗುಂದಕ್ಕೆ ಹೋದ ದಿನ, ಮಗ್ಗದ ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿದ್ದ.

ಸಮಾಜದ ಹಿರಿಯರು ನಾಲ್ಕು ಮಂದಿ ಅಮರಪ್ಪನ ಮನೆಗೆ ಬಂದರು. ಹುಡುಗಿಗೆ ನಿಶ್ಚಯವಾದ ಗಂಡು ಬಿಟ್ಟುಹೋಗುತ್ತಾನೆ, ಕೋರ್ಟು ಅಂದರೆ ವರ್ಷಗಟ್ಟಲೆ, ಒಳಗಿಂದೊಳಗೆ ಮುಗಿಸೋಣ ಎಂದು ತಿಳಿಸಿ ಹೇಳಿದರು. ಅಮರಪ್ಪ ತಲೆ ತಗ್ಗಿಸಿ ಕೂತಿದ್ದ. ಅವರಿಗೆಲ್ಲ ಚಹಾ ಕೊಟ್ಟಾದ ಮೇಲೆ ರತ್ನಾಬಾಯಿ ಮಾತಾಡಿದಳು. ಕಿಟಕಿಯ ಹಿಂದೆ ನಿಂತ ಶಿವಗಂಗಾಳಿಗೆ ಒಂದೊಂದು ಅಕ್ಷರವೂ ಕೇಳಿಸಿತು.

"ನಾಚಿಕಿ ಅಂವಂದು. ಅದನ್ನ ಅಂವನ ತಲಿ ಮ್ಯಾಲೆ ಹೊರಸ್ರಿ. ನನ್ನ ಮೊಮ್ಮಗಳ ತಲಿ ಮ್ಯಾಲೆ ಯಾಕ ಇಡ್ತೀರಿ?"

ಲಗ್ನ ಮುರಿದುಬಿತ್ತು. ಓಣಿಯ ಅರ್ಧ ಮಂದಿ ರತ್ನಾಬಾಯಿಯ ಕೂಡ ಮಾತು ಬಿಟ್ಟರು. ಏಜೆಂಟನನ್ನು ಪೊಲೀಸರು ಒಯ್ದರು; ಆಮೇಲೆ ಅವನಿಗೆ ಜಾಮೀನು ಸಿಕ್ಕಿತು. ಈ ಒಂದೊಂದು ಸುದ್ದಿ ಬಂದಾಗಲೂ ಶಿವಗಂಗಾಳ ಮನಸ್ಸಿನಲ್ಲಿ ಆ ಮುದುಕಿಯ ಮಾತೇ ಓಡುತ್ತಿತ್ತು. ಹದಿನೇಳು ವರ್ಷದ ಹಿಂದೆ ಅಂಥದೊಂದು ಮಾತು ಅವಳಿಗೂ ಬೇಕಾಗಿತ್ತು.

ಆಗ ಅವಳಿಗೆ ಹತ್ತೊಂಬತ್ತು. ಬಾದಾಮಿಯ ಕಾಲೇಜಿಗೆ ಕೆರೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಬಸ್ಸು ತಪ್ಪಿದ ಒಂದು ಮಧ್ಯಾಹ್ನ, ಅಪ್ಪನ ಕಡೆಯ ಸಂಬಂಧಿಕ ಮುತ್ತಪ್ಪ ಮೋಟರ್ ಸೈಕಲ್ ನಿಲ್ಲಿಸಿ ಮನೆಗೆ ಬಿಡುತ್ತೇನೆಂದು ಹತ್ತಿಸಿಕೊಂಡ. ಅವನದು ದನಗಳ ಹಿಂಡಿಯ ವ್ಯಾಪಾರ. ದಾರಿಯಲ್ಲಿ ಗೋದಾಮಿನ ಹತ್ತಿರ ಒಂದು ನಿಮಿಷದ ಕೆಲಸ ಇದೆ ಎಂದ. ಶೇಂಗಾ ಹಿಂಡಿಯ ವಾಸನೆ ಬಂದರೆ ಇಂದಿಗೂ ಅವಳ ಅಂಗೈ ತಣ್ಣಗಾಗುತ್ತಿತ್ತು.

ಮನೆಗೆ ಬಂದಾಗ ತಾಯಿ ಸಿದ್ದವ್ವ ಒಬ್ಬಳೇ ಇದ್ದಳು. ಮಗಳನ್ನು ನೋಡಿದವಳಿಗೆ ಏನೂ ಕೇಳಬೇಕಾಗಲಿಲ್ಲ. ಬಚ್ಚಲಿಗೆ ಕರೆದೊಯ್ದು ಕುದಿಕುದಿ ನೀರು ಹಾಕಿದಳು, ಒಂದಲ್ಲ, ಮೂರು ಸಲ. ಮೈಮೇಲಿನ ಬಟ್ಟೆಯನ್ನು ಹಂಡೆಯ ಒಲೆಗೆ ತುರುಕಿದಳು. ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿ ಇಟ್ಟು, ಅದರ ಮೇಲೆ ಆಣೆ ಮಾಡಿಸಿದಳು. ಹುಟ್ಟಿಗೆ ಸೂತಕವಿಲ್ಲ, ಸಾವಿಗೆ ಸೂತಕವಿಲ್ಲ, ಮುಟ್ಟಿಗೆ ಸೂತಕವಿಲ್ಲ ಎಂದು ಅಪ್ಪ ಅಂದಾನಪ್ಪ ದಿನಾ ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಹೇಳಿಕೊಟ್ಟ ಮನೆ ಅದು. ಹೆಸರಿಲ್ಲದ ಇನ್ನೊಂದು ಸೂತಕ ಆ ಮನೆಯಲ್ಲೂ ಇತ್ತೆಂದು ಅವಳಿಗೆ ಅವತ್ತು ತಿಳಿಯಿತು.

"ಬಾಯಾಗಿಂದ ಹೊರಗ ಬಿದ್ರ ಅಷ್ಟ ಅದು ಆದಂಗ" ಎಂದಿದ್ದಳು ಸಿದ್ದವ್ವ. "ಬಾಯಾಗ ಇಟಗೊಂಡ್ರ ಏನೂ ಆಗಿಲ್ಲ."

ಕಾಲೇಜು ನಿಂತಿತು. ಐದು ತಿಂಗಳಿಗೆ ಲಗ್ನವಾಯಿತು. ಲಗ್ನದ ಪಂಕ್ತಿಯಲ್ಲಿ ಮುತ್ತಪ್ಪನೂ ಕೂತಿದ್ದ. ಅವನ ಎಲೆಗೆ ಹೋಳಿಗೆ ಬಡಿಸಿದ್ದು ಅವಳದೇ ಕೈ. ನಾಗಲಿಂಗ ಒಳ್ಳೆಯವನು, ಮಾತು ಕಡಿಮೆ. ದೀಪ ಆರಿಸಿದರೆ ಹೆಂಡತಿ ಬೆಚ್ಚುತ್ತಾಳೆಂದು ತಿಳಿದು ದೀಪ ಇಟ್ಟುಕೊಂಡೇ ಮಲಗುವುದನ್ನು ರೂಢಿ ಮಾಡಿಕೊಂಡಿದ್ದ. ಯಾಕೆಂದು ಕೇಳಿರಲಿಲ್ಲ. ಹನ್ನೊಂದು ವರ್ಷದ ಮಗಳು ರಾಜಶ್ರೀಯನ್ನು ಶಿವಗಂಗಾ ಮೂಲೆಯ ಅಂಗಡಿಗೂ ಒಬ್ಬಳನ್ನೇ ಕಳಿಸುತ್ತಿರಲಿಲ್ಲ. ಅದಕ್ಕೂ ಯಾರೂ ಕಾರಣ ಕೇಳಿರಲಿಲ್ಲ.

ಒಂದು ದಿನ ರತ್ನಾಬಾಯಿ ಮನೆ ಬಾಗಿಲಿಗೆ ಬಂದಳು. ಪ್ರತಿ ಗುರುವಾರ ಸುಮಾಳನ್ನು ಬಾಗಲಕೋಟೆಗೆ, ಮನಸ್ಸಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಾಗಿತ್ತು. ತನ್ನ ಮೊಣಕಾಲು ಬಸ್ಸು ಹತ್ತಲು ಬಿಡುವುದಿಲ್ಲ, ಅಪ್ಪನ ಜೊತೆ ಹೋಗಲು ಹುಡುಗಿ ಸಂಕೋಚಪಡುತ್ತಾಳೆ, ನೀನು ಓದಿದವಳು, ಜೊತೆಗೆ ಹೋಗಿ ಬಾ ಎಂದು ಕೇಳಿಕೊಂಡಳು. ಇಲ್ಲವೆನ್ನಲು ಶಿವಗಂಗಾಳಿಗೆ ಕಾರಣ ಹೊಳೆಯಲಿಲ್ಲ.

ಹೀಗೆ ಗುರುವಾರಗಳು ಶುರುವಾದವು. ಬೆಳಿಗ್ಗೆ ಎಂಟರ ಬಸ್ಸು, ಹುನಗುಂದ, ಅಮೀನಗಡ, ಆಮೇಲೆ ಬಾಗಲಕೋಟೆ. ಡಾಕ್ಟರ್ ಮುಬಶೀರಾ ಎಂಬ ನಲವತ್ತರ ಹೆಂಗಸು ಬಾಗಿಲಿಗೆ ಬಂದು ಸುಮಾಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಬಾಗಿಲು ಮುಚ್ಚುತ್ತಿತ್ತು. ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಶಿವಗಂಗಾ ಒಂದು ತಾಸು ಕೂರುತ್ತಿದ್ದಳು.

ಮೊದಲ ಎರಡು ವಾರ ಒಳಗಿನಿಂದ ಅಳುವುದು ಕೇಳಿಸಿತು. ಅಳು ಕೇಳಿ ಶಿವಗಂಗಾಳಿಗೆ ಮರುಕವಾಯಿತು, ಎಲ್ಲರಿಗೂ ಆಗುವ ಹಾಗೆ. ಐದನೆಯ ವಾರ ಒಳಗಿನಿಂದ ನಗು ಕೇಳಿಸಿತು. ಸಣ್ಣ ನಗು, ಎರಡೇ ಕ್ಷಣದ್ದು. ಶಿವಗಂಗಾ ಎದ್ದು ನಿಂತುಬಿಟ್ಟಳು. ಹೋಗಿ ಆ ಬಾಗಿಲನ್ನು ಒದೆಯಬೇಕೆನಿಸಿತು. ಮೂರು ತಿಂಗಳಿಗೆ ನಗು ಬಂತೇ ಇವಳಿಗೆ? ನೀರು ಕುಡಿದು ಬಂದು ಮತ್ತೆ ಕೂತಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಸುಮಾ ಕಿಟಕಿಯ ಕಡೆ ಕೂತು ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳುತ್ತಿದ್ದಳು. ಹೇಳಿಕೊಂಡರೆ ಅದು ತನಗೇ ಗಟ್ಟಿಯಾಗುತ್ತದೆ ಎನ್ನುತ್ತಿದ್ದಳು. ಒಂದು ಗುರುವಾರ, ಅಮೀನಗಡದಲ್ಲಿ ಬಸ್ಸು ನಿಂತು ಮಂದಿ ಕರದಂಟಿನ ಪೊಟ್ಟಣ ಹಿಡಿದು ಹತ್ತುತ್ತಿದ್ದಾಗ ಅವಳು ಹೇಳಿದಳು:

"ನಾ ಯಾಕ ಚೀರಲಿಲ್ಲ ಅಂತ ದಿನಾ ನನ್ನ ನಾ ಬೈಕೋತಿದ್ದೆರಿ. ಹೆದರಿಕಿ ವಿಪರೀತ ಆದ್ರ ಮೈ ಕಲ್ಲಾಗತೈತಂತ, ದನಿ ಹೊರಡಂಗಿಲ್ಲಂತ. ಅದು ಒಪ್ಪಿಗಿ ಅಲ್ಲಂತ. ಭಾಳ ಮಂದಿಗೆ ಹಂಗ ಆಗತೈತಂತ."

ಹದಿನೇಳು ವರ್ಷ ಶಿವಗಂಗಾ ಕೂಡ ತನ್ನನ್ನು ಅದೇ ಪ್ರಶ್ನೆ ಕೇಳಿಕೊಂಡಿದ್ದಳು. ಚೀರಿದ್ದರೆ ಹೊಲದಲ್ಲಿ ಆಳುಗಳಿದ್ದರು, ಕೇಳುತ್ತಿತ್ತು. ನಾನು ಚೀರಲಿಲ್ಲ, ಹಾಗಾದರೆ ನನ್ನದೂ ಪಾಲಿದೆ. ಆ ಗಂಟು ಹೀಗೆ ಬಸ್ಸಿನಲ್ಲಿ, ಬೇರೆ ಯಾರಿಗೋ ಹೇಳಿದ ಮಾತಿನಿಂದ ಬಿಚ್ಚಿತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇನ್ನೊಬ್ಬರು ಉಂಡುಬಿಟ್ಟ ಎಲೆಯಿಂದ ತುತ್ತು ಎತ್ತಿಕೊಂಡಂತಾಯಿತು. ಈ ಮಾತು ಇವಳಿಗೆ ಬಿಸಿಬಿಸಿ ಸಿಕ್ಕಿತು, ಮೂರೇ ತಿಂಗಳಿಗೆ. ಇವಳ ಹಿಂದೆ ಅಜ್ಜಿ ಇದ್ದಾಳೆ, ಮುಂದೆ ಡಾಕ್ಟರ್ ಇದ್ದಾರೆ. ಪಕ್ಕದಲ್ಲಿ, ಪುಕ್ಕಟೆ ಜೊತೆಗಾತಿಯಾಗಿ, ನಾನೂ ಇದ್ದೇನೆ.

ಹುನಗುಂದ ದಾಟಿದ ಮೇಲೆ ಅವಳ ಬಾಯಿಂದ ಮಾತು ಬಂತು. ಯೋಚಿಸಿ ಆಡಿದ್ದಲ್ಲ, ಆದರೆ ತಡೆದುಕೊಳ್ಳಲೂ ಇಲ್ಲ.

"ಎಷ್ಟ ದಿನ ಹಿಂಗ ಹೇಳ್ಕೋಂತ ಅಡ್ಡಾಡ್ತಿ? ಬಾಯಾಗಿಂದ ಹೊರಗ ಬಿದ್ರ ಅಷ್ಟ ಅದು ಆದಂಗ. ಮುಂದ ನಿನ್ನ ಯಾರು ಮಾಡ್ಕೋಬೇಕು?"

ಸುಮಾ ತಿರುಗಿ ಅವಳ ಮುಖ ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಶಿವಗಂಗಾಳಿಗೆ ಮೊದಲು ಒಂದು ಹಿತವೆನಿಸಿತು, ಉರಿಯುವ ಗಾಯವನ್ನು ಕೆರೆದುಕೊಂಡಾಗಿನ ಹಿತ. ಮನೆ ಮುಟ್ಟುವುದರೊಳಗೆ ಆ ಹಿತ ಹೋಗಿತ್ತು.

ಮುಂದಿನ ಗುರುವಾರ ಸುಮಾಳಿಗೆ ಜ್ವರ ಎಂದು ಅಮರಪ್ಪ ಬಂದು ಹೇಳಿದ. ಅದರ ಮುಂದಿನ ಗುರುವಾರ ಯಾರೂ ಏನೂ ಹೇಳಲಿಲ್ಲ. ಎದುರು ಮನೆಯಲ್ಲಿ ಒಂದೇ ಮಗ್ಗದ ಸಪ್ಪಳ ಕೇಳಿಸುತ್ತಿತ್ತು, ಅಮರಪ್ಪನದು. ಮೂರನೆಯ ವಾರ ರತ್ನಾಬಾಯಿ ಮೊಣಕಾಲು ಹಿಡಿದುಕೊಂಡು ಬಂದು ಶಿವಗಂಗಾಳ ಅಡಿಗೆಮನೆಯ ಹೊಸ್ತಿಲಲ್ಲಿ ಕೂತಳು. ಸುಮಾ ಉಣ್ಣುವುದು ಬಿಟ್ಟಿದ್ದಾಳೆ. ಹೇಳಿಕೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಹಿರಿಯರು ಹೇಳಿದಂತೆ ಮುಗಿಸಿಬಿಡಿ ಎನ್ನುತ್ತಾಳೆ. ಅತ್ತ ಏಜೆಂಟನ ಕಡೆಯವರು ರಾಜಿಗೆಂದು ಎರಡು ಸಲ ಬಂದು ಹೋಗಿದ್ದಾರೆ. ಎಲ್ಲ ಸರಿ ಹೊಂಟಿತ್ತು, ನಡುವೆ ಏನಾಯಿತೋ ತಿಳಿಯದು ಎಂದು ಮುದುಕಿ ಹೇಳಿ, ಸುಮ್ಮನೆ ಅವಳ ಮುಖ ನೋಡುತ್ತ ಕೂತಳು. ನೀನೇನಾದರೂ ಅಂದೆಯಾ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದೇ ಶಿವಗಂಗಾಳಿಗೆ ತಡೆಯಲಾಗಲಿಲ್ಲ.

ಅವಳು ಒಲೆ ಆರಿಸಿದಳು. ಮುದುಕಿಯನ್ನು ಹಿಡಿದೆಬ್ಬಿಸಿಕೊಂಡು ಓಣಿ ದಾಟಿದಳು. ಸುಮಾ ಮಗ್ಗದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಶಿವಗಂಗಾ ಅವಳೆದುರು ನೆಲದ ಮೇಲೆ ಕೂತಳು.

"ಬಸ್ಸಿನ್ಯಾಗ ಅಂದದ್ದು ನನ್ನ ಮಾತಲ್ಲ. ನಮ್ಮವ್ವ ನನಗ ಅಂದದ್ದು. ನಾ ಹತ್ತೊಂಬತ್ತರಾಕಿ ಇದ್ದಾಗ."

ಸುಮಾ ತಲೆ ಎತ್ತಿದಳು. "ನಿಮಗೂ?"

"ನನಗೂ."

ಹದಿನೇಳು ವರ್ಷದಲ್ಲಿ ಮೊದಲ ಸಲ ಅದು ಬಾಯಿಂದ ಹೊರಗೆ ಬಂದಿತ್ತು. ಗೋಡೆ ಬೀಳಲಿಲ್ಲ. ಓಣಿಯಲ್ಲಿ ಯಾರೋ ಬೆಳ್ಳುಳ್ಳಿ ಮಾರುತ್ತ ಹೋದರು. ಶಿವಗಂಗಾ ಉಳಿದದ್ದನ್ನೂ ಹೇಳಿದಳು: ಮುತ್ತಪ್ಪ, ಗೋದಾಮು, ಕುದಿಯುವ ನೀರು. ಆಮೇಲೆ, ಎಲ್ಲಕ್ಕಿಂತ ಹೇಳಲು ಕಷ್ಟವಾದದ್ದನ್ನು ಹೇಳಿದಳು.

"ನೀ ಒಳಗ ನಕ್ಕಿದ್ದು ಕೇಳಿ ನನ್ನ ಹೊಟ್ಟಿ ಉರೀತು. ನಿನಗ ಅಜ್ಜಿ ಇದ್ಲು. ಕೇಳವರಿದ್ರು. ನಿನಗ ಸಿಕ್ಕಿದ್ದು ನನಗ ಸಿಗಲಿಲ್ಲ ಅಂತ, ನಿನಗೂ ಸಿಗಬಾರದು ಅನಿಸ್ತು."

ರತ್ನಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಸುಮಾ ಬಾಯಿ ಬಿಟ್ಟಳು. ದನಿಯಲ್ಲಿ ಸಿಟ್ಟಿತ್ತು.

"ನಿಮಗ ಎಲ್ಲಾ ಗೊತ್ತಿದ್ದೂ ಹಂಗಂದ್ರಿ. ಗೊತ್ತಿಲ್ಲದಾಕಿ ಅಂದಿದ್ರ ಬ್ಯಾರೆ ಮಾತಿತ್ತು." ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. "ನನಗ ನಿಮ್ಮನ್ನ ನೋಡಿದ್ರ ಹೊಟ್ಟಿಕಿಚ್ಚಾಗತೈತಿ, ಅದು ಗೊತ್ತೈತೇನ್ರಿ? ನೀವು ಅಂಗಡಿಗೆ ಹೋದ್ರ ಮಂದಿ ಮಾತು ನಿಲ್ಲಸಂಗಿಲ್ಲ. ಗಂಡ ಅದಾನ, ಮಗಳು ಅದಾಳ. ನಿಮ್ಮ ಹೆಸರಿನ ಕೂಡ ಅದು ಅಂಟಕೊಂಡಿಲ್ಲ. ನಾ ದಿನಾ ಕಿಟಕ್ಯಾಗ ನಿಮ್ಮನ್ನ ನೋಡ್ತಿದ್ದೆ."

ಶಿವಗಂಗಾಳಿಗೆ ಇದು ಎಂದೂ ಹೊಳೆದಿರಲಿಲ್ಲ. ತನ್ನ ಬದುಕಿನಲ್ಲಿ ಯಾರಿಗಾದರೂ ಹೊಟ್ಟೆಕಿಚ್ಚಾಗುವಂಥದು ಇದೆ ಎಂದು ಅವಳು ತಿಳಿದಿರಲೇ ಇಲ್ಲ.

ಆವತ್ತು ಸುಮಾ ಅವಳನ್ನು ಕ್ಷಮಿಸಲಿಲ್ಲ. ಆದರೆ ಸಂಜೆ ಉಂಡಳು. ಮುಂದಿನ ಗುರುವಾರ ಮೊಣಕಾಲು ನೋವು ಎನ್ನದೆ ರತ್ನಾಬಾಯಿಯೇ ಅವಳನ್ನು ಕರೆದುಕೊಂಡು ಎಂಟರ ಬಸ್ಸು ಹತ್ತಿದಳು. ಅದೇ ಬಸ್ಸಿನಲ್ಲಿ, ನಾಲ್ಕು ಸೀಟು ಹಿಂದೆ, ಶಿವಗಂಗಾ ಒಬ್ಬಳೇ ಕೂತಿದ್ದಳು. ಸುಮಾ ಒಂದು ಸಲ ಹಿಂದೆ ತಿರುಗಿ ನೋಡಿ ಮತ್ತೆ ಮುಂದೆ ತಿರುಗಿದಳು.

ಬಾಗಲಕೋಟೆಯಲ್ಲಿ ಸುಮಾ ಡಾಕ್ಟರ್ ಹತ್ತಿರ ಮಾತು ಮುಗಿಸಿ ಹೊರಗೆ ಬಂದ ಮೇಲೆ ಶಿವಗಂಗಾ ಆ ಬಾಗಿಲ ಹತ್ತಿರ ಹೋದಳು. ಮುಬಶೀರಾ ಅವಳನ್ನು ನೋಡಿ, ಇಷ್ಟು ವಾರ ಹೊರಗೆ ಕೂತವರು ನೀವಲ್ಲವೇ ಎಂದು ಕೇಳಿದರು. ಹೌದು ಎಂದಳು. ಒಳಗೆ ಎರಡು ಕುರ್ಚಿ, ಒಂದು ಮೇಜು, ನೀರಿನ ಬಾಟಲಿ ಮಾತ್ರ ಇದ್ದವು. ಅಷ್ಟು ಸಾದಾ ಕೋಣೆಯ ಬಗ್ಗೆ ಇಷ್ಟು ದಿನ ಕಿಚ್ಚು ಪಟ್ಟೆನೇ ಎಂದು ಅವಳಿಗೆ ಆಶ್ಚರ್ಯವಾಯಿತು. ಮೊದಲ ದಿನ ಅವಳು ಮುತ್ತಪ್ಪನ ಸುದ್ದಿಯನ್ನೇ ಎತ್ತಲಿಲ್ಲ. ತಾನು ಎಂಥ ಕೆಟ್ಟ ಹೆಂಗಸು, ಗಾಯಗೊಂಡ ಹುಡುಗಿಯನ್ನು ಹೇಗೆ ಮಾತಿನಿಂದ ಇರಿದೆ ಎಂದು ಮಾತ್ರ ಹೇಳಿದಳು. ಮುಬಶೀರಾ ಅದನ್ನು ಅಲ್ಲಗಳೆಯಲಿಲ್ಲ. ಹಸಿದವಳಿಗೆ ಇನ್ನೊಬ್ಬರ ಊಟ ನೋಡಿದರೆ ಸಂಕಟವಾಗುತ್ತದೆ, ತಾಟು ಕಸಿದುಕೊಂಡದ್ದು ತಪ್ಪು, ಹಸಿವು ತಪ್ಪಲ್ಲ ಎಂದರು. ಮುಂದಿನ ವಾರವೂ ಬರುತ್ತೀರಾ ಎಂದು ಕೇಳಿದರು.

ಅವಳು ಹೋದಳು. ಬಿಡದೆ ಹೋದಳು. ಒಳ್ಳೆಯ ವಾರಗಳಿದ್ದವು, ಮನೆಗೆ ಬಂದು ಎರಡು ದಿನ ಹಾಸಿಗೆ ಬಿಟ್ಟೇಳದ ವಾರಗಳೂ ಇದ್ದವು. ಹೊಟ್ಟೆಕಿಚ್ಚು ಒಮ್ಮೆಲೇ ಹೋಗಲಿಲ್ಲ. ಸುಮಾ ಮತ್ತೆ ಮಗ್ಗಕ್ಕೆ ಕೂತ ಸಪ್ಪಳ ಕೇಳಿದ ಬೆಳಿಗ್ಗೆ ಅದು ಮತ್ತೆ ಚುಚ್ಚಿತು. ಆದರೆ ಈಗ ಅದರ ಹೆಸರು ಗೊತ್ತಿತ್ತು. ಬಂದದ್ದನ್ನು ಬಂತು ಎಂದುಕೊಂಡು ರೊಟ್ಟಿ ಬಡಿಯುತ್ತಿದ್ದಳು.

ನಾಗಲಿಂಗನಿಗೆ ಹೇಳಿದ್ದು ಒಂದು ಅಮಾವಾಸ್ಯೆಯ ಮಧ್ಯಾಹ್ನ, ಅಂಗಡಿಗೆ ರಜೆ ಇದ್ದಾಗ. ಅವನು ಪೂರ್ತಿ ಕೇಳಿದ. ಯಾರು ಎಂದು ಕೇಳಿದ, ಅವಳು ಹೆಸರು ಹೇಳಿದಳು. ಎದ್ದು ಹೋಗಿ ಅಂಗಡಿಯ ಬೀಗ ತೆಗೆದು ಕೂತುಬಿಟ್ಟ. ಎರಡು ದಿನ ಮಾತಾಡಲಿಲ್ಲ. ತಾಯಿ ಹೇಳಿದ್ದೇ ಖರೆಯಾಯಿತು, ಬಾಯಿ ಬಿಟ್ಟು ಮನೆ ಕಳೆದುಕೊಂಡೆ ಎಂದು ಅವಳು ಆ ಎರಡು ದಿನ ಅಂದುಕೊಂಡಳು. ಮೂರನೆಯ ದಿನ ಅವನು ಉಣ್ಣುತ್ತ ಉಣ್ಣುತ್ತ, ತಾಟಿನ ಕಡೆ ನೋಡಿಕೊಂಡೇ ಕೇಳಿದ.

"ಇಷ್ಟ ವರ್ಷ ನಾನೂ ನಿನಗ ತ್ರಾಸ ಕೊಟ್ಟೇನೇನು? ಗೊತ್ತಿಲ್ಲದನ?"

ಕೆಲವು ಸಲ ಹೌದು ಎಂದಳು. ಅವನು ತಲೆಯಾಡಿಸಿದ. ಅವನ ಕಣ್ಣುಗಳು ತುಂಬಿದ್ದವು. ಆ ಮೇಲೆ ಅವನು ಮೊದಲಿಗಿಂತ ಹೆಚ್ಚು ಮಾತಿನವನೇನೂ ಆಗಲಿಲ್ಲ, ಆದರೆ ಅವಳನ್ನು ಮುಟ್ಟುವ ಮೊದಲು ಹೆಸರು ಹಿಡಿದು ಕರೆಯತೊಡಗಿದ.

ಸುಮಾ ಕೋರ್ಟಿನಲ್ಲಿ ಸಾಕ್ಷಿ ಹೇಳಿದಳು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎರಡು ತಾಸು. ಅದರ ಹಿಂದಿನ ದಿನ ಅವಳೇ ಬಂದು, ನೀವೂ ಬರ್ರಿ ಎಂದು ಶಿವಗಂಗಾಳನ್ನು ಕರೆದಿದ್ದಳು. ತೀರ್ಪು ಇನ್ನೂ ಬಂದಿಲ್ಲ. ಬರುವವರೆಗೆ ಕಾಯುತ್ತೇನೆ ಎಂದು ಸುಮಾ ನೇಯುತ್ತಿದ್ದಾಳೆ.

ದೀಪಾವಳಿಯ ನಂತರ ಶಿವಗಂಗಾ ಕೆರೂರಿಗೆ ಹೋದಳು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಸಿದ್ದವ್ವ ಶಿವಗಂಗಾಳ ತಮ್ಮನ ಸಂಸಾರದ ಜೊತೆ ಇದ್ದಳು. ಜೋಳ ಹಸನು ಮಾಡುತ್ತ ಕೂತ ತಾಯಿಯ ಎದುರು ಕೂತು ಅವಳು ಸುಮಾಳ ಕಥೆ ಹೇಳಿದಳು. ತನ್ನದನ್ನು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಸಿದ್ದವ್ವನ ಕೈ ಮೊರದ ಮೇಲೆ ನಿಂತಿತ್ತು.

"ಆ ಮುದುಕಿಗೆ ಮಂದಿ ಏನೂ ಅನ್ನಲಿಲ್ಲೇನು?"

ಅಂದರು, ಅರ್ಧ ಓಣಿ ಮಾತು ಬಿಟ್ಟಿತು ಎಂದಳು ಶಿವಗಂಗಾ.

"ಆದ್ರೂ ಹೋದಳು."

"ಹೋದಳು."

ಸಿದ್ದವ್ವ ರತ್ನಾಬಾಯಿಯ ಬಗ್ಗೆ ಇನ್ನೂ ಕೇಳಿದಳು. ಅವಳಿಗೆ ಗಂಡ ಇದ್ದನೇ, ಓದು ಬರುತ್ತದೆಯೇ, ಠಾಣೆಯಲ್ಲಿ ಕುರ್ಚಿ ಕೊಟ್ಟರೇ. ಆ ಪ್ರಶ್ನೆಗಳ ದನಿಯನ್ನು ಶಿವಗಂಗಾ ಗುರುತಿಸಿದಳು. ಬೆಂಚಿನ ಮೇಲೆ ಕೂತಾಗ ಅವಳೊಳಗೂ ಅದೇ ಕಿಚ್ಚು ಮಾತಾಡಿತ್ತು. ಅವತ್ತು ಸಿದ್ದವ್ವ ತಪ್ಪಾಯಿತು ಎನ್ನಲಿಲ್ಲ. ಮಗಳೂ ಅದನ್ನು ಕೇಳಲಿಲ್ಲ. ಬಸ್ಸಿಗೆ ಬಿಡಲು ಬಂದಾಗ ಮಾತ್ರ, ಗೊತ್ತಾದರೆ ನಿನ್ನಪ್ಪ ನಿನ್ನನ್ನೂ ಕೊಂದು ತಾನೂ ಸಾಯುತ್ತಾನೆಂದು ಹೆದರಿದ್ದೆ ಎಂದಳು. ಅಪ್ಪ ಹಾಗೆ ಮಾಡುವವನೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಾಘ ಮಾಸದಲ್ಲಿ ಒಂದು ದಿನ ತಾಯಿಯ ಫೋನು ಬಂತು. ಎಮ್ಮೆ ಕರು ಹಾಕಿದ್ದನ್ನು ಹೇಳಿದಳು, ಸೊಸೆಯ ಹಲ್ಲುನೋವನ್ನು ಹೇಳಿದಳು. ಆಮೇಲೆ, ಅದೇ ದನಿಯಲ್ಲಿ, ಮುತ್ತಪ್ಪ ಮಗನ ಲಗ್ನದ ಕಾರ್ಡು ಹಿಡಿದುಕೊಂಡು ಬಂದಿದ್ದ ಎಂದಳು. ಶಿವಗಂಗಾಳ ತಮ್ಮ ಅವನನ್ನು ಬರ್ರಿ ಎಂದು ಒಳಗೆ ಕರೆಯುತ್ತಿದ್ದನಂತೆ.

"ನಾ ಬಾಗಲದಾಗ ನಿಂತೆ. ಈ ಹೊಸ್ತಿಲ ನೀ ದಾಟಬ್ಯಾಡ, ಯಾಕಂತ ನಿನಗ ಗೊತ್ತೈತಿ ಅಂದೆ. ಕಾರ್ಡ ಮುಟ್ಟಲಿಲ್ಲ."

ಓಣಿಯವರೆಲ್ಲ ನೋಡಿದರಂತೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ಮುತ್ತಪ್ಪ ಹೇಳಿಕೊಂಡು ತಿರುಗುತ್ತಿದ್ದಾನಂತೆ. ತಮ್ಮ ಎರಡು ದಿನದಿಂದ ಕಾರಣ ಕೇಳುತ್ತಿದ್ದಾನೆ, ನೀನು ಹೇಳು ಅಂದರೆ ಹೇಳುತ್ತೇನೆ, ಬೇಡವೆಂದರೆ ಬಿಡುತ್ತೇನೆ ಎಂದಳು ಸಿದ್ದವ್ವ.

ಶಿವಗಂಗಾ ಫೋನು ಹಿಡಿದುಕೊಂಡು ನಿಂತಳು. ಸಂತೋಷವಾಯಿತೆಂದು ಹೇಳಲು ಬಾರದು. ಹದಿನೇಳು ವರ್ಷ ತಡವಾಗಿ ಬಂದ ಮಾತಿನ ಮೇಲೆ ಮೊದಲು ಬಂದದ್ದು ಸಿಟ್ಟೇ. ಆ ಸಿಟ್ಟು ಇಳಿಯುವವರೆಗೂ ಅವಳು ಕಿಟಕಿಯಿಂದ ಎದುರು ಮನೆಯ ಕಡೆ ನೋಡಿದಳು. ತಾಯಿಯೂ ಫೋನು ಇಡದೆ ಕಾಯುತ್ತಿದ್ದಳು; ಅತ್ತಲಿಂದ ಅವಳ ಉಸಿರು ಕೇಳಿಸುತ್ತಿತ್ತು.

"ಹೇಳವ್ವಾ" ಎಂದಳು ಶಿವಗಂಗಾ. "ನೀನ ಹೇಳು."